ಹಿಮದ ಇಳಿಜಾರಿನಲ್ಲಿ ತಲೆಯ ರಕ್ಷಣೆ: ಹೆಲ್ಮೆಟ್ಟಿನೊಳಗಿನ ಟೋಪಿ ಹೇಗಿರಬೇಕು?

ಹಿಮದ ಮೇಲೆ ಜಾರುವ ಸ್ಕೀ ಆಟವು ನಮ್ಮ ನಾಡಿನದಲ್ಲ. ಆದರೂ ಕಾಶ್ಮೀರದ ಗುಲ್ಮಾರ್ಗ್, ಉತ್ತರಾಖಂಡದ ಔಲಿಗಳಲ್ಲಿ ನಡೆಯುವ ತರಬೇತಿಗೆ ಕರ್ನಾಟಕದ ತರುಣ ತರುಣಿಯರೂ ಹೋಗಿಬರುತ್ತಾರೆ. ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೆ ಅದು ಚಳಿಗಾಲದ ಪರಿಚಿತ ಆಟ. ಮಕ್ಕಳನ್ನು ಕಳುಹಿಸುವ ಹಿರಿಯರು ಚಳಿಗೆ ಅಂಜಿ ದಪ್ಪನೆಯ ಉಣ್ಣೆಯ ಟೋಪಿಯೊಂದನ್ನು ಪೆಟ್ಟಿಗೆಯಲ್ಲಿರಿಸಿ ಸಮಾಧಾನಪಡುವುದು ಸಹಜ. ಆದರೆ ಸ್ಕೀ ಆಡುವಾಗ ತಲೆಯ ಮೇಲೆ ಹೆಲ್ಮೆಟ್ ಇರಬೇಕು. ಅದರೊಳಗೆ ಧರಿಸುವ ಟೋಪಿಯ ಆಯ್ಕೆ ತಪ್ಪಿದರೆ ತಲೆ ಬೆಚ್ಚಗಿದ್ದರೂ ಸುರಕ್ಷಿತವಾಗಿರುವುದಿಲ್ಲ.

ಮೊದಲು ಚಳಿಯ ಸ್ವರೂಪವನ್ನು ತಿಳಿಯೋಣ. ಗುಲ್ಮಾರ್ಗ್ ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ಗೊಂಡೋಲಾ ಎರಡನೆಯ ಹಂತದಲ್ಲಿ ಸುಮಾರು 3,950 ಮೀಟರಿನವರೆಗೆ ಏರುತ್ತದೆ. ಪ್ರತಿ ಸಾವಿರ ಮೀಟರಿಗೆ ಉಷ್ಣತೆಯು ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುವುದರಿಂದ, ಕೆಳಗೆ ಶೂನ್ಯಕ್ಕಿಂತ 5 ಡಿಗ್ರಿ ಕಡಿಮೆ ಇದ್ದ ದಿನ ಮೇಲೆ 13 ಡಿಗ್ರಿಯಷ್ಟು ಕಡಿಮೆ ಇರಬಹುದು. ಇದರೊಂದಿಗೆ ಗಾಳಿಯೂ ಸೇರುತ್ತದೆ. ಶೂನ್ಯಕ್ಕಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ, ತೆರೆದ ಚರ್ಮಕ್ಕೆ ಅದು 20 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಇಳಿಜಾರಿನಲ್ಲಿ ವೇಗವಾಗಿ ಜಾರುವವರಿಗೆ ಗಾಳಿಯಿಲ್ಲದ ದಿನವೂ ಗಾಳಿಯಿರುತ್ತದೆ.

ದೇಹದ ಶಾಖದ ಅರ್ಧದಷ್ಟು ತಲೆಯಿಂದಲೇ ಹೋಗುತ್ತದೆಂಬ ಮಾತು ಪ್ರಚಲಿತವಾಗಿದೆ. ಇದು ಸರಿಯಲ್ಲ. ವಯಸ್ಕರಲ್ಲಿ ತಲೆಯ ಮೇಲ್ಮೈ ದೇಹದ ಒಟ್ಟು ಮೇಲ್ಮೈಯ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಅಲ್ಲಿಂದ ಹೋಗುವ ಶಾಖವೂ ಹೆಚ್ಚುಕಡಿಮೆ ಅದೇ ಪ್ರಮಾಣದ್ದು. ಮಕ್ಕಳ ತಲೆಯು ದೇಹಕ್ಕೆ ಹೋಲಿಸಿದರೆ ದೊಡ್ಡದಾದ್ದರಿಂದ ಅವರಲ್ಲಿ ಈ ಪಾಲು ಅಧಿಕ. ಆದರೆ ಕಿವಿಗಳ ವಿಷಯದಲ್ಲಿ ಎಲ್ಲರೂ ಎಚ್ಚರವಾಗಿರಬೇಕು. ಕಿವಿಯ ಹಾಲೆಯಲ್ಲಿ ಸ್ನಾಯುವೂ ಕೊಬ್ಬೂ ಅತ್ಯಲ್ಪವಾಗಿರುವುದರಿಂದ ಹಿಮಗಾಯವು ಮೊದಲು ತಟ್ಟುವ ಅಂಗಗಳಲ್ಲಿ ಅದೂ ಒಂದು.

ಇನ್ನು ಹೆಲ್ಮೆಟ್. ಅದರ ಹೊರಕವಚದ ಒಳಗೆ ಗಟ್ಟಿ ನೊರೆಯ ಪದರವಿರುತ್ತದೆ. ಬಿದ್ದಾಗ ಆ ಪದರವು ತಾನು ಜಜ್ಜಿಹೋಗಿ ಪೆಟ್ಟಿನ ಬಲವನ್ನು ಹೀರಿಕೊಳ್ಳುತ್ತದೆ. ಹೆಲ್ಮೆಟ್ ತಲೆಗೆ ಸರಿಯಾಗಿ ಕುಳಿತಿದ್ದರೆ ಮಾತ್ರ ಈ ಕೆಲಸ ನಡೆದೀತು. ಒಳಗೆ ದಪ್ಪ ಟೋಪಿಯಿದ್ದರೆ ಹೆಲ್ಮೆಟ್ ಮೇಲಕ್ಕೆದ್ದು ಹಣೆಯು ತೆರೆದುಕೊಳ್ಳುತ್ತದೆ. ತುದಿಯಲ್ಲಿ ಉಣ್ಣೆಯ ಕುಚ್ಚು ಇದ್ದರಂತೂ ಒತ್ತಡವು ಒಂದೇ ಬಿಂದುವಿಗೆ ಬೀಳುತ್ತದೆ. ಆಡುತ್ತಾ ಹೋದಂತೆ ಉಣ್ಣೆಯು ಅಮುಕಿಹೋಗಿ, ಬೆಳಿಗ್ಗೆ ಬಿಗಿಯಾಗಿದ್ದ ಹೆಲ್ಮೆಟ್ ಮಧ್ಯಾಹ್ನಕ್ಕೆ ಸಡಿಲವಾಗುತ್ತದೆ. ಸಡಿಲವಾದ ಹೆಲ್ಮೆಟ್ ಬೀಳುವ ಕ್ಷಣದಲ್ಲಿ ಜಾರುತ್ತದೆ. ಆದ್ದರಿಂದ ಹೆಲ್ಮೆಟ್ಟಿನೊಳಗಿನ ಟೋಪಿಯು ತೆಳುವಾಗಿರಬೇಕು, ತಲೆಗೆ ಅಂಟಿಕೊಂಡಿರಬೇಕು, ಮಡಿಕೆ, ದಪ್ಪ ಹೊಲಿಗೆ, ಗುಂಡಿ, ಕುಚ್ಚುಗಳಿಂದ ಮುಕ್ತವಾಗಿರಬೇಕು. ಇದೇ ಆಯ್ಕೆಯ ಮೂಲಸೂತ್ರ.

ಬಟ್ಟೆಯಲ್ಲಿ ಮೊದಲ ಸ್ಥಾನ ಮೆರಿನೋ ಕುರಿಯ ಉಣ್ಣೆಗೆ ಸಲ್ಲುತ್ತದೆ. ನಮ್ಮ ದಖನಿ ಕುರಿಯ ಉಣ್ಣೆ ಕಂಬಳಿಗೆ ಉತ್ತಮ. ಆದರೆ ಎಳೆಗಳು ಒರಟಾದ್ದರಿಂದ ಹಣೆ, ಕಿವಿಗಳಿಗೆ ಚುಚ್ಚುತ್ತದೆ. ಮೆರಿನೋ ಎಳೆಗಳು ಬಹಳ ನವುರು. ಉಣ್ಣೆಯು ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಒದ್ದೆಯೆನಿಸುವುದಿಲ್ಲ, ಬೇಗನೆ ನಾರುವುದೂ ಇಲ್ಲ. ಪಾಲಿಯೆಸ್ಟರ್ ಬಟ್ಟೆಯು ನೀರನ್ನು ಹೀರದೆ ಬೆವರನ್ನು ಹೊರಕ್ಕೆ ಸಾಗಿಸಿ ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಹೆಚ್ಚು ಚಳಿಯಿದ್ದಲ್ಲಿ ತೆಳ್ಳನೆಯ ಫ್ಲೀಸ್ ಆಗಬಹುದು. ಹತ್ತಿ ಮಾತ್ರ ಬೇಡ. ನಮ್ಮಲ್ಲಿ ದ್ವಿಚಕ್ರ ವಾಹನದ ಹೆಲ್ಮೆಟ್ಟಿನೊಳಗೆ ಹತ್ತಿಯ ಕರವಸ್ತ್ರ ಕಟ್ಟುವ ರೂಢಿ ಸೆಕೆಯ ನಾಡಿಗೆ ಸರಿ. ಹಿಮದಲ್ಲಿ ಬೆವರನ್ನು ಹೀರಿದ ಹತ್ತಿಯು ಒಣಗದೆ, ತಣ್ಣನೆಯ ಒದ್ದೆಬಟ್ಟೆಯಾಗಿ ತಲೆಗೆ ಅಂಟಿಕೊಳ್ಳುತ್ತದೆ.

ಆಕಾರದಲ್ಲಿ ಮೂರು ಬಗೆಗಳಿವೆ. ತಲೆಬುರುಡೆಯ ಆಕಾರಕ್ಕೇ ಹೊಲಿದ, ಕಿವಿ ಮುಚ್ಚುವ ತೆಳು ಟೋಪಿಯು ಸಾಮಾನ್ಯ ಚಳಿಗೆ ಸಾಕು. ಬಿಸಿಲಿರುವ ದಿನಗಳಿಗೆ ಹಣೆ ಮತ್ತು ಕಿವಿಗಳನ್ನಷ್ಟೇ ಮುಚ್ಚುವ ಪಟ್ಟಿಯೇ ಸಾಲುತ್ತದೆ. ಗಾಳಿ, ಹಿಮಪಾತಗಳಿದ್ದರೆ ಕುತ್ತಿಗೆಯವರೆಗೂ ಇಳಿಯುವ ಮಂಕಿ ಕ್ಯಾಪ್ ಬೇಕು. ಆದರೆ ಅದು ಅಂಗಡಿಯಲ್ಲಿ ಸಿಗುವ ದಪ್ಪ ಹೆಣಿಗೆಯದಾಗಿರದೆ ತೆಳುವಾಗಿರಬೇಕು. ಮೂಗು ಬಾಯಿಗಳ ಬಳಿ ಉಸಿರು ಹೊರಹೋಗಲು ರಂಧ್ರಗಳಿರಬೇಕು. ಇಲ್ಲವಾದರೆ ಬಿಸಿಯುಸಿರು ಮೇಲೇರಿ ಕನ್ನಡಕದ ಮೇಲೆ ಮಂಜು ಕವಿದು ದಾರಿ ಕಾಣದಂತಾಗುತ್ತದೆ. ಟೋಪಿಯ ಅಂಚು ಕನ್ನಡಕದ ಚೌಕಟ್ಟಿನೊಳಗೆ ಸೇರದಂತೆಯೂ ನೋಡಿಕೊಳ್ಳಬೇಕು.

ಕೊಳ್ಳುವಾಗಲಾಗಲಿ ಬಾಡಿಗೆಗೆ ಪಡೆಯುವಾಗಲಾಗಲಿ, ಟೋಪಿಯನ್ನು ಧರಿಸಿಯೇ ಹೆಲ್ಮೆಟ್ಟಿನ ಅಳತೆ ನೋಡಬೇಕು. ಮುಂಭಾಗದ ಅಂಚು ಹುಬ್ಬಿನಿಂದ ಎರಡು ಬೆರಳಿಗಿಂತ ಮೇಲಿರಬಾರದು. ಗಲ್ಲದ ಪಟ್ಟಿಯ ಕೆಳಗೆ ಒಂದು ಬೆರಳಷ್ಟೇ ಹಿಡಿಸಬೇಕು. ತಲೆಯನ್ನು ಅತ್ತಿತ್ತ ಅಲುಗಿಸಿದಾಗ ಹೆಲ್ಮೆಟ್ ತಲೆಯೊಡನೆಯೇ ತಿರುಗಬೇಕು. ಟೋಪಿಯೊಂದಿಗೆ ಹಿಡಿಸದಿದ್ದರೆ ಇನ್ನೂ ತೆಳುವಾದ ಟೋಪಿಯನ್ನು ಆರಿಸಬೇಕೇ ಹೊರತು ಪಟ್ಟಿಯನ್ನು ಸಡಿಲಿಸಬಾರದು. ಯುರೋಪಿನ ಇಎನ್ 1077 ಅಥವಾ ಅಮೆರಿಕದ ಎಎಸ್‌ಟಿಎಂ ಎಫ್ 2040 ಎಂಬ ಮಾನಕದ ಗುರುತು ಹೆಲ್ಮೆಟ್ಟಿನ ಮೇಲಿದೆಯೇ ಎಂದು ನೋಡುವುದು ಒಳಿತು. ಉದ್ದ ಕೂದಲಿನವರು ನೆತ್ತಿಯ ಮೇಲೆ ತುರುಬು ಕಟ್ಟದೆ, ಕುತ್ತಿಗೆಯ ಬಳಿ ಇಳಿಜಡೆ ಹೆಣೆದುಕೊಳ್ಳಬೇಕು. ಎರಡು ಟೋಪಿಗಳಿದ್ದರೆ ಒಂದನ್ನು ತೊಳೆದು ಒಣಗಿಸಿ ದಿನಕ್ಕೊಂದರಂತೆ ಬಳಸಬಹುದು. ಬಾಡಿಗೆಯ ಹೆಲ್ಮೆಟ್ಟಿಗೆ ಇದು ಶುಚಿತ್ವದ ದೃಷ್ಟಿಯಿಂದಲೂ ಅಗತ್ಯ.

ಕಿವಿ ಮರಗಟ್ಟಿ ಬಿಳಿಚಿದರೆ ಅದು ಹಿಮಗಾಯದ ಮುನ್ಸೂಚನೆ. ಕೂಡಲೇ ಆಟ ನಿಲ್ಲಿಸಿ ಬೆಚ್ಚನೆಯ ಕೋಣೆಗೆ ಹೋಗಿ ಒಣ ಅಂಗೈಯಿಂದ ಕಿವಿಯನ್ನು ಮುಚ್ಚಿ ಹಿಡಿಯಬೇಕು. ಉಜ್ಜಬಾರದು, ಹಿಮವನ್ನಂತೂ ತಿಕ್ಕಲೇಬಾರದು, ಬೆಂಕಿಗೆ ಒಡ್ಡಬಾರದು. ಸ್ಪರ್ಶಜ್ಞಾನ ಮರಳದಿದ್ದರೆ, ಬೊಬ್ಬೆ ಎದ್ದರೆ ವೈದ್ಯರಲ್ಲಿಗೆ ಹೋಗಬೇಕು.

ತಲೆಗೆ ಪೆಟ್ಟು ಬಿದ್ದಾಗಲೂ ಉದಾಸೀನ ಸಲ್ಲದು. 2009ರ ಮಾರ್ಚಿಯಲ್ಲಿ ಬ್ರಿಟಿಷ್ ನಟಿ ನತಾಶಾ ರಿಚರ್ಡ್‌ಸನ್ ಕೆನಡಾದಲ್ಲಿ ಹೊಸಬರು ಕಲಿಯುವ ಇಳಿಜಾರಿನಲ್ಲಿ ಬಿದ್ದರು. ಹೆಲ್ಮೆಟ್ ಧರಿಸಿರಲಿಲ್ಲ. ಮೊದಲು ಮಾತನಾಡುತ್ತಾ ನಡೆದಾಡುತ್ತಾ ಚೆನ್ನಾಗಿಯೇ ಇದ್ದವರು ತಲೆಬುರುಡೆಯೊಳಗಿನ ರಕ್ತಸ್ರಾವದಿಂದ ಎರಡೇ ದಿನಗಳಲ್ಲಿ ತೀರಿಕೊಂಡರು. ಬಿದ್ದ ಬಳಿಕ ತಲೆನೋವು, ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಲವಾದ ಪೆಟ್ಟು ತಿಂದ ಹೆಲ್ಮೆಟ್ಟನ್ನು ಮತ್ತೆ ಬಳಸಬಾರದು.

ಅಜ್ಜಿ ಪ್ರೀತಿಯಿಂದ ಹೆಣೆದ ದಪ್ಪ ಟೋಪಿಯನ್ನು ಪೆಟ್ಟಿಗೆಯಿಂದ ತೆಗೆಯಬೇಕಾಗಿಲ್ಲ. ಸಂಜೆ ಹೆಲ್ಮೆಟ್ ಕಳಚಿಟ್ಟು ಚಹಾ ಕುಡಿಯುತ್ತಾ ಕುಳಿತಾಗ ಅದಕ್ಕಿಂತ ಹಿತವಾದುದು ಬೇರೊಂದಿಲ್ಲ. ಇಳಿಜಾರಿಗೆ ಹೊರಡುವಾಗ ಮಾತ್ರ ತೆಳುವಾದ ಟೋಪಿಯೊಂದು ಅದರ ಪಕ್ಕದಲ್ಲಿರಲಿ.