ಹಳೆಯ ಮದ್ದುಗುಂಡಿನ ಗುಣನಿರ್ಣಯ: ನಗರದ ಅಗ್ನಿಬಾಣಗಳ ಸಾಕ್ಷ್ಯ

ಕುಣಿಗಲ್ ತಾಲ್ಲೂಕಿನ ಹುಲಿಯೂರುದುರ್ಗ, ಹುತ್ರಿದುರ್ಗಗಳೆರಡೂ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾದುವು. ಈ ದುರ್ಗಗಳ ವಿಷಯವನ್ನು ಪಾಠ ಹೇಳುವಾಗಲೆಲ್ಲ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆಯೊಂದುಂಟು: ಮೈಸೂರಿನವರ ಮದ್ದು ಒಳ್ಳೆಯದಾಗಿದ್ದಿತೆ? ಕೋಟೆಯ ಕಲ್ಲು ಇದಕ್ಕೆ ಉತ್ತರ ಹೇಳಲಾರದು. ಬಳಕೆಯಾಗದೆ ಉಳಿದ ದಾಸ್ತಾನು ಮಾತ್ರ ಹೇಳೀತು.

ಅಂತಹ ದಾಸ್ತಾನು ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ದೊರೆತಿದೆ. 2002ರಲ್ಲಿ ಅಲ್ಲಿ ಕೆಲವು ಅಗ್ನಿಬಾಣಗಳು ಸಿಕ್ಕಿದ್ದುವು. 2018ರಲ್ಲಿ ಪಾಳುಬಾವಿಯೊಂದನ್ನು ಅಗೆದಾಗ ಸಾವಿರಕ್ಕೂ ಮಿಕ್ಕಿ ಹೊರಬಂದುವು. ಸುಮಾರು 23ರಿಂದ 26 ಸೆಂಟಿಮೀಟರು ಉದ್ದದ ಕಬ್ಬಿಣದ ಕೊಳವೆಗಳವು. ಬಾವಿಯ ಮಣ್ಣೇ ಮದ್ದಿನ ವಾಸನೆ ಬೀರುತ್ತಿದ್ದಿತೆಂಬುದು ಇಲ್ಲಿ ಗಮನಾರ್ಹ.

ಇಂತಹವನ್ನು ಪರೀಕ್ಷಿಸುವ ಕ್ರಮವನ್ನು ನಾವು ಆಯುಧಪರೀಕ್ಷಕರಿಂದಲೇ ಕಲಿಯಬೇಕು. ಸೈನ್ಯದ ಹಳೆಯ ರೈಫಲ್ ತೋಟಾ ಕೈಗೆ ಬಂದರೆ ಅವರು ಮೊದಲು ಅದರ ತಳದ ಮುದ್ರೆಯನ್ನು ಓದಿ ಕಾರ್ಖಾನೆ, ವರ್ಷಗಳನ್ನು ತಿಳಿಯುತ್ತಾರೆ. ಬಳಿಕ ಹಿತ್ತಾಳೆಯ ಕತ್ತಿನಲ್ಲಿ ಬಿರುಕಿದೆಯೇ, ಕಿಲುಬು ಹಿಡಿದಿದೆಯೇ ಎಂದು ನೋಡುತ್ತಾರೆ. ಅದನ್ನು ಎಲ್ಲಿ, ಹೇಗೆ ಇಟ್ಟಿದ್ದರೆಂದು ವಿಚಾರಿಸುತ್ತಾರೆ. ಕೊನೆಗೆ ಅದೇ ತಂಡದ ಕೆಲವನ್ನು ಹಾರಿಸಿ ನೋಡುತ್ತಾರೆ. ಕಾರ್ಡೈಟಿನಂತಹ ಹೊಗೆರಹಿತ ಮದ್ದು ತಾನಾಗಿಯೇ ವಿಘಟನೆ ಹೊಂದುತ್ತದೆ; ಸೆಕೆ ಹೆಚ್ಚಿದಷ್ಟೂ ಬೇಗ. ಆದುದರಿಂದ ತೋಟಾದ ವಿಷಯದಲ್ಲಿ ವಯಸ್ಸೇ ಒಂದು ದೋಷ.

ಕರಿಮದ್ದಿನ ಸ್ವಭಾವ ಬೇರೆ. ಒಣಗಿದ್ದರೆ ಅದು ಬಹುಕಾಲ ಕೆಡದು. ಅದರ ಶತ್ರು ನೀರು. ಅದರ ಘಟಕಗಳಲ್ಲಿ ಪೆಟ್ಲುಪ್ಪು ನೀರಿನಲ್ಲಿ ಕರಗುತ್ತದೆ. ಗಂಧಕವಾಗಲಿ ಇದ್ದಿಲಾಗಲಿ ಕರಗದು. ಮಲೆನಾಡಿನ ಮಳೆಗೆ ಎರಡು ಶತಮಾನ ಸಿಕ್ಕಿದ ಕೊಳವೆಯಲ್ಲಿ ಈಗ ಕಾಣುವ ಪ್ರಮಾಣವು ತುಂಬಿದ ದಿನದ ಪ್ರಮಾಣವಲ್ಲ. ಇದರಿಂದ ಮೈಸೂರಿನ ಮದ್ದು ಸತ್ತ್ವಹೀನವಾಗಿದ್ದಿತೆಂದು ತೀರ್ಮಾನಿಸಿದರೆ ಬಾವಿಯ ದೋಷವನ್ನು ಮದ್ದು ಅರೆದವನ ತಲೆಗೆ ಕಟ್ಟಿದಂತಾಗುತ್ತದೆ.

ಇದಕ್ಕೆ ವಿರುದ್ಧವಾದ ಪ್ರಮಾದವೂ ಉಂಟು. ಈ ಬಾಣಗಳಲ್ಲಿ ಪೆಟ್ಲುಪ್ಪು, ಇದ್ದಿಲುಗಳೊಡನೆ ಮೆಗ್ನೀಸಿಯಂ ಪುಡಿಯೂ ಇದ್ದಿತೆಂದು 2018ರ ಪತ್ರಿಕಾವರದಿಗಳು ಹೇಳಿದುವು. ಇದನ್ನು ಟಿಪ್ಪುವಿನ ಕುಶಲಿಗಳ ಗುಪ್ತವಿದ್ಯೆಯೆಂದು ಕೊಂಡಾಡುವ ಆಸೆ ಯಾರಿಗಾದರೂ ಹುಟ್ಟೀತು. ಆದರೆ ಆ ಲೋಹವನ್ನು ಡೇವಿ ಮೊದಲು ಬೇರ್ಪಡಿಸಿದುದು 1808ರಲ್ಲಿ. ಟಿಪ್ಪು ಮಡಿದುದು 1799ರಲ್ಲಿ. ಆದಕಾರಣ ದೊರೆತುದು ಮೆಗ್ನೀಸಿಯಮ್ಮಿನ ಲವಣವಿದ್ದೀತೇ ಹೊರತು ಲೋಹದ ಪುಡಿಯಲ್ಲ. ಅದು ಮಣ್ಣಿನಿಂದಲೋ ಇದ್ದಿಲಿನ ಬೂದಿಯಿಂದಲೋ ಬಂದಿರಬಹುದೆಂಬುದು ನಮ್ಮ ಊಹೆ.

ಹಾಗಾದರೆ ನಂಬತಕ್ಕುದು ಯಾವುದು? ಕೊಳವೆ. ತುಕ್ಕು ಹಿಡಿದರೂ ಅದು ತನ್ನ ಕಥೆಯನ್ನು ಪೂರ್ತಿಯಾಗಿ ಮರೆತಿಲ್ಲ. ಕಾಗದದ ಕೊಳವೆ ತಾಳದಷ್ಟು ಒತ್ತಡವನ್ನು ಕಬ್ಬಿಣ ತಾಳುವುದರಿಂದಲೇ ಮೈಸೂರಿನ ಬಾಣ ದೂರ ಹೋಗುತ್ತಿದ್ದಿತು. ತಗಡಿನ ದಪ್ಪ, ಬೆಸುಗೆಯ ಸಾಲು, ಬಾಯಿಯ ಅಳತೆ ಇವು ಒಂದು ಬಾಣದಿಂದ ಇನ್ನೊಂದಕ್ಕೆ ಎಷ್ಟು ವ್ಯತ್ಯಾಸವಾಗುತ್ತವೆಂಬುದೇ ಕಮ್ಮಟದ ಶಿಸ್ತಿನ ಅಳತೆಗೋಲು. ಸಾವಿರ ಬಾಣಗಳು ಒಂದೆಡೆ ದೊರೆತುದರ ಬೆಲೆಯೂ ಇಲ್ಲಿಯೇ ಇದೆ: ಹಾರಿಸಿ ನೋಡಲಾಗದ ತಂಡವನ್ನು ಅಳೆದಾದರೂ ನೋಡಬಹುದು.

1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಆಂಗ್ಲರಿಗೆ ಬಳಸಲು ಯೋಗ್ಯವಾದ 700 ಬಾಣಗಳೂ 9,000 ಬರಿಯ ಕೊಳವೆಗಳೂ ದೊರೆತುವೆಂದು ಹೇಳಲಾಗಿದೆ. ಮದ್ದನ್ನು ಬೇಕಾದಾಗಲೇ ತುಂಬುವ ಪದ್ಧತಿಯಿದ್ದಿತೆಂದು ಇದರಿಂದ ತೋರುತ್ತದೆ. ನಗರದ ಬಾಣಗಳು ತುಂಬಿದ ಸ್ಥಿತಿಯಲ್ಲಿ ಬಾವಿ ಸೇರಿದುದೇಕೆ ಎಂಬುದನ್ನು ಇನ್ನೂ ವಿಚಾರಿಸಬೇಕಾಗಿದೆ.

ಇನ್ನೊಂದು ಮಾತು. ಹೊಲದಲ್ಲೋ ಅಟ್ಟದಲ್ಲೋ ಇಂತಹ ಕೊಳವೆಯಾಗಲಿ ತೋಟಾವಾಗಲಿ ಕಂಡವರು ಅದನ್ನು ಕೆರೆಯಬಾರದು, ಬಿಚ್ಚಬಾರದು. ಒದ್ದೆಯಲ್ಲಿ ಸತ್ತಂತಿರುವ ಕರಿಮದ್ದು ಒಣಗಿದ ಮೇಲೆ ಹೊತ್ತಿಕೊಳ್ಳಬಹುದು.