‘ಹೇಳಬೇಕಿತ್ತು’ ಮತ್ತು ‘ಹೇಳಿಸಬೇಕಿತ್ತು’: ಧಾರಾವಾಹಿಯ ಚರ್ಚೆಯಲ್ಲಿ ಪ್ರೇರಣಾರ್ಥಕ ರೂಪಗಳು

ಮುಖ್ಯ ಪದಗಳು: ಪ್ರೇರಣಾರ್ಥಕ, ಅಧ್ಯಾಹೃತ ಕರ್ತೃ, ಆಡುನುಡಿ, ಧಾರಾವಾಹಿ

ಧಾರಾವಾಹಿಯ ವೀಕ್ಷಕರು ಕತೆಯನ್ನೇ ನಿಜವೆಂದು ನಂಬಿಬಿಡುತ್ತಾರೆ ಎಂಬ ಆಕ್ಷೇಪ ಹಳೆಯದು. ಹಳ್ಳಿ ಹಾಗೂ ಸಣ್ಣ ಪೇಟೆಗಳ ಮಹಿಳೆಯರನ್ನು ಕುರಿತು ಇದು ಹೆಚ್ಚಾಗಿ ಕೇಳಿಬರುತ್ತದೆ. ವೀಕ್ಷಕರ ಮಾತಿನ ವ್ಯಾಕರಣವನ್ನು ಗಮನಿಸಿದರೆ ಈ ಆಕ್ಷೇಪ ನಿಲ್ಲುವುದಿಲ್ಲ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಮೂಡಿಗೆರೆ ತಾಲ್ಲೂಕಿನ ಬಣಕಲ್ ಕಾಫಿ ತೋಟಗಳ ನಡುವಿನ ಊರು. ಹಿಂದಿನ ರಾತ್ರಿಯ ಕಂತು ಇಂತಹ ಊರುಗಳಲ್ಲಿ ಮರುದಿನ ತೋಟದ ಕೆಲಸದ ನಡುವೆ, ಅಂಗಡಿಯ ಜಗಲಿಯಲ್ಲಿ ಚರ್ಚೆಗೆ ಬರುತ್ತದೆ. ಕೆಳಗಿನ ವಾಕ್ಯಗಳನ್ನು ಅಲ್ಲಿನ ಆಡುನುಡಿಗೆ ಹೊಂದುವಂತೆ, ವಿವರಣೆಗಾಗಿ ನಾವೇ ರಚಿಸಿದ್ದೇವೆ. ಹಿನ್ನೆಲೆಗೆ 2020ರಿಂದ 2023ರವರೆಗೆ ಕಲರ್ಸ್ ಕನ್ನಡದಲ್ಲಿ ಪ್ರಸಾರವಾದ ‘ಕನ್ನಡತಿ’ಯನ್ನು ಆರಿಸಿಕೊಂಡಿದ್ದೇವೆ. ಅದರ ನಾಯಕಿ ಭುವನೇಶ್ವರಿ ಕನ್ನಡದ ಅಧ್ಯಾಪಕಿ, ನಾಯಕ ಹರ್ಷ, ಅವನ ತಾಯಿ ರತ್ನಮಾಲಾ.

(1) ಭುವಿ ಹರ್ಷನ ಹತ್ರ ಮೊದ್ಲೇ ಹೇಳ್ಬೇಕಿತ್ತು.
(2) ಭುವಿ ಕೈಲಿ ಮೊದ್ಲೇ ಹೇಳಿಸ್ಬೇಕಿತ್ತು.

(1)ರಲ್ಲಿ ಭುವಿ ಕರ್ತೃಸ್ಥಾನದಲ್ಲಿದ್ದಾಳೆ. ಆಯ್ಕೆ ಅವಳದು, ಆದ್ದರಿಂದ ತಪ್ಪೂ ಅವಳದು. (2)ರಲ್ಲಿ ಧಾತುವಿಗೆ ‘-ಇಸು’ ಸೇರಿದೆ. ಭುವಿ ‘ಕೈಲಿ’ ಎಂಬ ಕರಣಸೂಚಕ ಪದದೊಡನೆ ಪ್ರೇರಿತಳ ಸ್ಥಾನಕ್ಕೆ ಸರಿದಿದ್ದಾಳೆ. ಕರ್ತೃಪದ ವಾಕ್ಯದಲ್ಲಿಲ್ಲ. ಆದರೂ ಅದು ಕತೆಗಾರರನ್ನು, ನಿರ್ದೇಶಕರನ್ನು ಸೂಚಿಸುತ್ತದೆಂದು ಕೇಳುವವರಿಗೆ ತಿಳಿಯುತ್ತದೆ. ಮೊದಲನೆಯದು ನಡತೆಯ ವಿಮರ್ಶೆ, ಎರಡನೆಯದು ರಚನೆಯ ವಿಮರ್ಶೆ.

ಸಾವಿನ ಪ್ರಸಂಗದಲ್ಲಿ ಈ ಭೇದ ಇನ್ನೂ ಸ್ಪಷ್ಟ:

(3) ರತ್ನಮಾಲಾ ತೀರ್ಕೊಂಡ್ರು.
(4) ರತ್ನಮಾಲನ್ನ ಸಾಯಿಸ್ಬಿಟ್ರು.

(3) ಕತೆಯೊಳಗಿನ ಸುದ್ದಿ. (4) ಕತೆಯೊಳಗಿನ ಯಾರ ಮೇಲೂ ಕೊಲೆಯ ಆರೋಪ ಹೊರಿಸುವುದಿಲ್ಲ. ಹೆಸರಿಲ್ಲದ ಬಹುವಚನದ ಕರ್ತೃ ಇಲ್ಲಿಯೂ ಧಾರಾವಾಹಿ ಮಾಡಿದವರೇ. ‘ಬಿಡು’ ಎಂಬ ಸಹಾಯಕ ಕ್ರಿಯೆ ಮರಳಿ ಸರಿಪಡಿಸಲಾಗದ್ದೆಂಬ ವಿಷಾದವನ್ನು ಸೇರಿಸುತ್ತದೆ. ‘ಸಾಯಿಸು’ ಎಂಬುದಕ್ಕೆ ‘ಕೊಲ್ಲು’ ಎಂಬ ಅರ್ಥವೂ ಇರುವುದರಿಂದ, ಕರ್ತೃಪದವಾಗಿ ಕತೆಯ ಪಾತ್ರವೊಂದರ ಹೆಸರು ಬಂದರೆ ಅದೇ ಕ್ರಿಯಾಪದ ಕತೆಯೊಳಗಿನ ಕೊಲೆಯನ್ನು ಹೇಳುತ್ತದೆ. ಅಂದರೆ ರೂಪವೊಂದೇ ಸಾಲದು, ಕರ್ತೃವಿನ ಲೋಪವೂ ಅರ್ಥವನ್ನು ನಿರ್ಣಯಿಸುತ್ತದೆ.

ಎರಡೂ ನೆಲೆಗಳು ಒಂದೇ ವಾಕ್ಯದಲ್ಲಿ ಕೂಡುವುದೂ ಉಂಟು:

(5) ಅವ್ಳು ಹಾಗೆ ಮಾಡೋಳಲ್ಲ, ಕತೆ ಎಳೆಯೋಕೆ ಮಾಡಿಸಿದಾರೆ.

‘ಮಾಡೋಳಲ್ಲ’ ಎಂಬ ನಿಷೇಧ ಒಂದು ಕ್ರಿಯೆ ನಡೆದಿಲ್ಲವೆಂದು ಹೇಳುತ್ತಿಲ್ಲ. ಅದು ಪಾತ್ರದ ಸ್ವಭಾವಕ್ಕೆ ಒಪ್ಪುವುದಿಲ್ಲವೆಂದು ಹೇಳುತ್ತದೆ. ‘ಮಾಡಿಸಿದಾರೆ’ ಎಂಬುದು ಆ ಅಸಂಗತಿಯ ಹೊಣೆಯನ್ನು ರಚನಕಾರರಿಗೆ ಒಪ್ಪಿಸುತ್ತದೆ. ‘ಎಳೆಯೋಕೆ’ ಎಂಬುದು ಅವರ ಉದ್ದೇಶವನ್ನೂ ಗುರುತಿಸುತ್ತದೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಔಚಿತ್ಯವೆಂದು ಚರ್ಚಿಸಿದ ವಿಷಯಕ್ಕೆ ಈ ಮಾತು ದೂರದ್ದಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ‘ಬೇಕಿತ್ತಾ ಇದು?’ ಎಂಬ ಉದ್ಗಾರದಲ್ಲಿ ಭೇದ ಅಳಿಸಿಹೋಗುತ್ತದೆ. ಪಾತ್ರಕ್ಕೆ ಬೇಕಿತ್ತೇ, ಕತೆಗಾರರಿಗೆ ಬೇಕಿತ್ತೇ ಎಂಬುದನ್ನು ಸಂದರ್ಭವೇ ತಿಳಿಸಬೇಕು.

ಪಾತ್ರವನ್ನು ಬೈಯುವ ವೀಕ್ಷಕಿ ಕತೆಯ ಒಳಗೆ ನಿಂತು ಮಾತನಾಡುತ್ತಾಳೆ. ಮರುಕ್ಷಣವೇ ‘-ಇಸು’ ಬಳಸಿ ಹೊರಗೆ ಬರುತ್ತಾಳೆ. ಒಳಗು ಹೊರಗುಗಳ ಅರಿವಿಲ್ಲದವರಿಂದ ಈ ಪಲ್ಲಟ ಸಾಧ್ಯವಿಲ್ಲ. ಆದ್ದರಿಂದ ಇಂತಹ ಚರ್ಚೆಯನ್ನು ಮುಗ್ಧತೆಯ ಸಾಕ್ಷ್ಯವೆಂದು ಬದಿಗಿಡದೆ ವಿಮರ್ಶೆಯ ಮಾತೆಂದು ದಾಖಲಿಸಬೇಕೆಂಬುದು ನಮ್ಮ ಅಭಿಪ್ರಾಯ. ‘ಮಾಡು–ಮಾಡಿಸು’ ಪಟ್ಟಿಗಳಿಂದಲೇ ಪ್ರೇರಣಾರ್ಥಕವನ್ನು ಕಲಿಸುವ ತರಗತಿಗಳಿಗೂ ಈ ವಾಕ್ಯಗಳು ಉಪಯುಕ್ತ.