ಕ್ಯಾಂಪರ್ ಕೊಳ್ಳುವ ಮುನ್ನ ಕಾರಿನ ಬಾಗಿಲು ತೆರೆದು ನೋಡಿ

ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಎಲ್ಕ್‌ಹಾರ್ಟ್ ಎಂಬ ಊರಿದೆ. ಆ ದೇಶದ ಹೆದ್ದಾರಿಗಳಲ್ಲಿ ಕಾಣುವ ಆರ್‌ವಿಗಳಲ್ಲಿ, ಅಂದರೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ಗಾಲಿಮನೆಗಳಲ್ಲಿ, ಬಹುಪಾಲು ತಯಾರಾಗುವುದು ಈ ಊರಿನ ಸುತ್ತಮುತ್ತಲ ಕಾರ್ಖಾನೆಗಳಲ್ಲೇ. ಕೆಲವಕ್ಕೆ ಸ್ವಂತ ಎಂಜಿನ್ ಇರುತ್ತದೆ. ಎಂಜಿನ್ ಇಲ್ಲದ, ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ ಟ್ರೇಲರ್‌ಗಳೇ ಹೆಚ್ಚು ಮಾರಾಟವಾಗುತ್ತವೆ. ನನ್ನ ತಂಗಿಯ ಸಂಸಾರ ಅದೇ ರಾಜ್ಯದಲ್ಲಿದೆ. ಅವರು ಇಂಥದೊಂದು ಟ್ರೇಲರ್, ಅಂದರೆ ಕ್ಯಾಂಪರ್, ಕೊಳ್ಳಲೆಂದು ಡೀಲರ್ ಬಳಿ ಹೋದಾಗ ನಾನೂ ಜೊತೆಗಿದ್ದೆ.

ಡೀಲರ್ ಅಂಗಳದಲ್ಲಿ ಸಾಲುಸಾಲಾಗಿ ಬಿಳಿ ಪೆಟ್ಟಿಗೆಗಳು ನಿಂತಿದ್ದವು. ಒಳಗೆ ಕಾಲಿಟ್ಟರೆ ಮನಸ್ಸು ಕರಗುವುದು ಸಹಜ. ಮಡಚಿದರೆ ಹಾಸಿಗೆಯಾಗುವ ಸೋಫಾ, ಮೂರು ಒಲೆಯ ಗ್ಯಾಸ್ ಸ್ಟೌ, ಮಕ್ಕಳಿಗೆ ಒಂದರ ಮೇಲೊಂದು ಮಂಚ. ಗುಂಡಿ ಒತ್ತಿದರೆ ಗೋಡೆಯ ಒಂದು ಭಾಗವೇ ಹೊರಕ್ಕೆ ಸರಿದು ಕೋಣೆ ಅಗಲವಾಗುತ್ತದೆ. ತಂಗಿಯ ಮಕ್ಕಳು ಆಗಲೇ ಮಂಚ ಹಂಚಿಕೊಂಡಿದ್ದರು. "ನಿಮ್ಮ ಎಸ್‌ಯುವಿ 2,270 ಕೆ.ಜಿ. ಎಳೆಯುತ್ತದೆ, ಇದರ ತೂಕ 1,900. ಯೋಚನೆಯೇ ಬೇಡ" ಎಂದರು ಮಾರಾಟಗಾರರು. ಅಲ್ಲಿ ಲೆಕ್ಕವೆಲ್ಲ ಪೌಂಡ್‌ನಲ್ಲಿ; ಕೆ.ಜಿ.ಗೆ ತಿರುಗಿಸಿ ಬರೆದಿದ್ದೇನೆ.

ಎರಡೂ ಅಂಕಿ ನಿಜವೇ. ಆದರೆ 1,900 ಎನ್ನುವುದು ಕಾರ್ಖಾನೆಯಿಂದ ಹೊರಬಿದ್ದಾಗಿನ ಖಾಲಿ ತೂಕ. ಟ್ಯಾಂಕಿನ ನೀರು, ಪಾತ್ರೆ ಪಡಗ, ಹಾಸಿಗೆ ಬಟ್ಟೆ, ಅಕ್ಕಿ ಬೇಳೆ ಯಾವುದೂ ಅದರಲ್ಲಿ ಸೇರಿಲ್ಲ. ನೀರೊಂದೇ ಲೀಟರಿಗೆ ಒಂದು ಕೆ.ಜಿ. ತೂಗುತ್ತದೆ, 150 ಲೀಟರಿನ ಟ್ಯಾಂಕ್ ತುಂಬಿಸಿದರೆ ಇಬ್ಬರು ದೊಡ್ಡವರನ್ನು ಹತ್ತಿಸಿಕೊಂಡಂತೆ. ಟ್ರೇಲರಿನ ಹೊರಗೋಡೆಗೆ ಅಂಟಿಸಿದ ಚೀಟಿಯಲ್ಲಿ ತುಂಬಿದ ಟ್ರೇಲರಿನ ಗರಿಷ್ಠ ತೂಕ ಬರೆದಿರುತ್ತದೆ. ನಮ್ಮೆದುರಿಗಿದ್ದ ಪೆಟ್ಟಿಗೆಯ ಮೇಲೆ ಬರೆದಿದ್ದುದು 2,500.

ಇನ್ನೊಂದು ಚೀಟಿ ಕಾರಿನಲ್ಲೇ ಇತ್ತು. ಅಮೆರಿಕದ ಕಾರುಗಳಲ್ಲಿ ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ, ಜನ ಮತ್ತು ಸಾಮಾನು ಸೇರಿ ಇಷ್ಟನ್ನು ಮೀರಬಾರದು ಎಂಬ ಸಣ್ಣ ಚೀಟಿ ಕಾಣುತ್ತದೆ. ತಂಗಿಯ ಕಾರಿಗೆ ಅದು 545 ಕೆ.ಜಿ. ಟ್ರೇಲರ್ ತನ್ನ ತೂಕವನ್ನೆಲ್ಲ ತನ್ನ ಚಕ್ರಗಳ ಮೇಲೆಯೇ ಹೊರುವುದಿಲ್ಲ, ಶೇ. 10ರಿಂದ 15ರಷ್ಟನ್ನು ಕಾರಿನ ಹಿಂದಿನ ಕೊಂಡಿಯ ಮೇಲೆ ಊರುತ್ತದೆ. ಊರಲೇಬೇಕು. 2,500ಕ್ಕೆ ಶೇ. 12 ಎಂದರೆ 300 ಕೆ.ಜಿ. ಅದರ ಜೊತೆಗೆ ಕೊಂಡಿಯ ಕಬ್ಬಿಣದ ಸಲಕರಣೆ 40, ನಾಲ್ಕು ಜನ 250. ಒಟ್ಟು 590. ಡಿಕ್ಕಿಯಲ್ಲಿ ಒಂದು ಚೀಲವನ್ನೂ ಇಡದೆಯೇ ಮಿತಿ ದಾಟಿಹೋಯಿತು. "ಅಣ್ಣ, ಎಂಜಿನ್ ಎಳೆದರೂ ಕಾರು ಹೊರಲ್ಲ ಅಂತ ಆಯ್ತಲ್ಲ" ಎಂದಳು ತಂಗಿ. ಅವಳು ಹೇಳಿದ್ದು ಸರಿ.

ಕೊಂಡಿಯ ಮೇಲೆ ಭಾರ ಕಡಿಮೆ ಬೀಳುವಂತೆ ಸಾಮಾನನ್ನು ಹಿಂದಕ್ಕೆ ಜೋಡಿಸಿದರಾಗದೇ? ಎತ್ತಿನ ಗಾಡಿ ಹೊಡೆದವರನ್ನು ಕೇಳಿ. ಹಿಂಭಾರವಾದ ಗಾಡಿಯಲ್ಲಿ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಹಗ್ಗ ಬಿಗಿಯುತ್ತದೆ. ಅದಕ್ಕೇ ಅವರು ಮೂಟೆಗಳನ್ನು ಅಚ್ಚಿನಿಂದ ತುಸು ಮುಂದಕ್ಕೆ ಒಟ್ಟುತ್ತಾರೆ. ಟ್ರೇಲರಿಗೂ ಅದೇ ನಿಯಮ. ವ್ಯತ್ಯಾಸವಿರುವುದು ವೇಗದಲ್ಲಿ, ಅಪಾಯವಿರುವುದೂ ಅಲ್ಲೇ. ಪಕ್ಕದಲ್ಲಿ ಲಾರಿಯೊಂದು ಹಾದುಹೋದಾಗ ಬೀಸುವ ಗಾಳಿಗೆ ಟ್ರೇಲರಿನ ಹಿಂಭಾಗ ಒಂದಿಷ್ಟು ಪಕ್ಕಕ್ಕೆ ವಾಲುತ್ತದೆ. ಟೈರುಗಳು ನೆಲವನ್ನು ಹಿಡಿದು ಅದನ್ನು ಮತ್ತೆ ನೇರಕ್ಕೆ ತರುತ್ತವೆ, ತೂಗಾಟ ತಾನಾಗಿ ಅಡಗುತ್ತದೆ. ಆದರೆ ಹೀಗೆ ಅಡಗಿಸುವ ಶಕ್ತಿ ವೇಗ ಏರಿದಂತೆ ಕುಗ್ಗುತ್ತಾ ಹೋಗುತ್ತದೆ. ಭಾರ ಅಚ್ಚಿನ ಹಿಂದಿದ್ದರೆ ಒಂದು ವೇಗ ದಾಟಿದ ಮೇಲೆ ತೂಗಾಟ ಅಡಗುವ ಬದಲು ಒಂದೊಂದು ಸುತ್ತಿಗೂ ಬೆಳೆಯುತ್ತದೆ, ಕಡೆಗೆ ಕಾರನ್ನೇ ಅಡ್ಡ ತಿರುಗಿಸುತ್ತದೆ. ಆಗ ಹೆದರಿ ಕಾರಿನ ಬ್ರೇಕ್ ಒತ್ತಿದರೆ ಹಿಂದಿನ ಭಾರ ಮುಂದಕ್ಕೆ ನುಗ್ಗಿ ಪರಿಸ್ಥಿತಿ ಇನ್ನೂ ಕೆಡುತ್ತದೆ. ಮಾಡಬೇಕಾದದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದು, ಕಾರಿನೊಳಗಿರುವ ಸನ್ನೆಯಿಂದ ಟ್ರೇಲರಿನ ವಿದ್ಯುತ್ ಬ್ರೇಕನ್ನಷ್ಟೇ ಹಿಡಿಯುವುದು. ಆ ಬ್ರೇಕು ಹಿಂದಿನಿಂದ ಜಗ್ಗಿ ಇಡೀ ಜೋಡಿಯನ್ನು ನೇರ ಮಾಡುತ್ತದೆ. ಕೊಳ್ಳುವವರಿಗೆ ಸೋಫಾದ ಬಣ್ಣಕ್ಕಿಂತ ಮೊದಲು ಇದನ್ನು ಹೇಳಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ಪೆಟ್ಟಿಗೆಯನ್ನು ಬಿಟ್ಟು ಪಕ್ಕದ ಚಿಕ್ಕದಕ್ಕೆ ಹೋದೆವು. ಅದರ ಫ್ರಿಜ್ ನನ್ನನ್ನು ಹಿಡಿದು ನಿಲ್ಲಿಸಿತು. ಈಗಿನ ಹೊಸ ಟ್ರೇಲರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಕಂಪ್ರೆಸರ್ ಫ್ರಿಜ್ ಹೆಚ್ಚುತ್ತಿದೆ. ಇದು ಹಳೆಯ ಬಗೆಯದು, ಗ್ಯಾಸ್ ಉರಿಯಿಂದ ತಣ್ಣಗಾಗುವಂಥದು. ಹೊರಗಿನ ಜಾಲರಿ ತೆಗೆದು ಬಗ್ಗಿ ನೋಡಿದರೆ ಕಿರುಬೆರಳಷ್ಟು ನೀಲಿ ಉರಿ. ಮೋಟಾರು ಇಲ್ಲ, ಪಂಪು ಇಲ್ಲ, ಸದ್ದೂ ಇಲ್ಲ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಕಂಡುಹಿಡಿದ ಯಂತ್ರವಿದು. ಕೊಳವೆಗಳೊಳಗೆ ನೀರು, ಅಮೋನಿಯಾ, ಹೈಡ್ರೋಜನ್ ಸದಾ ಬಂದಿಯಾಗಿರುತ್ತವೆ. ಉರಿಯ ಕಾವಿಗೆ ಅಮೋನಿಯಾ ನೀರನ್ನು ಬಿಟ್ಟು ಆವಿಯಾಗಿ ಮೇಲೇರುತ್ತದೆ, ಮೇಲಿನ ಕೊಳವೆಯಲ್ಲಿ ತಣಿದು ದ್ರವವಾಗುತ್ತದೆ. ಅಲ್ಲಿಂದ ಕೆಳಗಿಳಿದು ಹೈಡ್ರೋಜನ್ ತುಂಬಿದ ಕೊಳವೆಗೆ ಬರುತ್ತದೆ. ಅಲ್ಲಿರುವ ಒತ್ತಡದ ಬಹುಪಾಲನ್ನು ಹೈಡ್ರೋಜನ್ನೇ ಹೊತ್ತಿರುವುದರಿಂದ ಅಮೋನಿಯಾ ಕಡಿಮೆ ಉಷ್ಣತೆಯಲ್ಲೇ ಆವಿಯಾಗಿಬಿಡುತ್ತದೆ; ಆವಿಯಾಗಲು ಬೇಕಾದ ಶಾಖವನ್ನು ನಮ್ಮ ಹಾಲು ತರಕಾರಿಯಿಂದ ಎಳೆದುಕೊಳ್ಳುತ್ತದೆ. ಮುಂದೆ ನೀರು ಆ ಅಮೋನಿಯಾವನ್ನು ಮತ್ತೆ ಹೀರಿಕೊಂಡು ಉರಿಯ ಕಡೆಗೆ ಮರಳುತ್ತದೆ. ಎಲ್ಲ ಕೊಳವೆಯಲ್ಲೂ ಒಟ್ಟು ಒತ್ತಡ ಒಂದೇ ಆಗಿರುವುದರಿಂದ ಪಂಪಿನ ಅಗತ್ಯವೇ ಬೀಳುವುದಿಲ್ಲ. ಉರಿ ಹಚ್ಚಿ ತಂಪು ಪಡೆಯುವ ಈ ಜಾಣತನಕ್ಕೆ ನೂರು ವರ್ಷ ಕಳೆದರೂ ನನ್ನ ಬೆರಗು ತಗ್ಗಿಲ್ಲ.

ಇದರ ಒಂದು ಪಥ್ಯ ಮಾತ್ರ ಕಟ್ಟುನಿಟ್ಟು. ದ್ರವ ಹರಿಯುವುದು ಬರೀ ಇಳಿಜಾರಿನ ಬಲದಿಂದ. ಆದ್ದರಿಂದ ಬಿಡಾರ ಹೂಡಿದಾಗ ಟ್ರೇಲರ್ ಸಮತಟ್ಟಾಗಿ ನಿಲ್ಲಬೇಕು. ವಾಲಿಸಿ ನಿಲ್ಲಿಸಿ ಗಂಟೆಗಟ್ಟಲೆ ಉರಿಸಿದರೆ ದ್ರವ ಅಲ್ಲಲ್ಲೇ ನಿಂತು, ಉರಿಯ ಬಳಿಯ ಕೊಳವೆ ಅತಿಯಾಗಿ ಕಾದು ಫ್ರಿಜ್ ಕೆಡುತ್ತದೆ.

ಉಳಿದದ್ದನ್ನು ಬೇಗ ಮುಗಿಸಿದೆವು. ಗೋಡೆಗಳು ಫೋಮ್, ತೆಳು ಪ್ಲೈವುಡ್, ಫೈಬರ್‌ಗ್ಲಾಸ್ ಹಾಳೆ ಸೇರಿಸಿ ಅಂಟಿಸಿದವು. ಛಾವಣಿಯ ಸಂದಿನಿಂದ ನೀರಿಳಿದರೆ ಪ್ಲೈವುಡ್ ಕೊಳೆತು ಹೊರಹಾಳೆ ಉಬ್ಬುತ್ತದೆ. ಹಾಗಾಗಿ ಮೂಲೆ ಮೂಲೆಯನ್ನೂ ಅಂಗೈಯಿಂದ ಒತ್ತಿ ನೋಡಿದೆವು, ಏಣಿ ಕೇಳಿ ಪಡೆದು ಸಂದುಗಳ ಅಂಟನ್ನು ಪರೀಕ್ಷಿಸಿದೆವು. ಟೈರಿನ ಬದಿಯಲ್ಲಿ ನಾಲ್ಕಂಕಿಯ ಗುರುತಿರುತ್ತದೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಅದನ್ನೂ ಓದಿಕೊಂಡೆವು. ಎಲ್ಲ ಸರಿಯಿತ್ತು. ಗರಿಷ್ಠ ತೂಕ 1,750 ಕೆ.ಜಿ. ಇರುವ ಆ ಚಿಕ್ಕದನ್ನೇ ತಂಗಿ ಕೊಂಡಳು.

ಮೊದಲ ಪ್ರವಾಸಕ್ಕೆ ಹೊರಟ ದಿನ, ಲಾರಿಗಳು ತೂಕ ಹಾಕಿಸುವ ಹೆದ್ದಾರಿ ಕಾಟಾದ ಮೇಲೆ ಟ್ರೇಲರ್ ಕಟ್ಟಿದ ಕಾರನ್ನು ನಿಲ್ಲಿಸಿದರು. ಕೊಂಡಿ ಬಿಚ್ಚಿ ಕಾರನ್ನಷ್ಟೇ ಮತ್ತೆ ತೂಗಿದರೆ ಕೊಂಡಿಭಾರ ತಿಳಿಯುತ್ತದೆ. ಟ್ರೇಲರ್ 1,640, ಕೊಂಡಿಯ ಮೇಲೆ ಬರೀ 140, ಶೇ. 9 ಕೂಡ ಇಲ್ಲ. ಹಿಂದಿನ ಬಂಪರಿಗೆ ಕಟ್ಟಿದ್ದ ಮಕ್ಕಳ ಸೈಕಲ್ಲುಗಳನ್ನೂ ಅವುಗಳ ಕಬ್ಬಿಣದ ಸ್ಟ್ಯಾಂಡನ್ನೂ ಬಿಚ್ಚಿ ಟ್ರೇಲರಿನ ಮುಂಭಾಗದೊಳಗೆ ಸೇರಿಸಿ ಮತ್ತೊಮ್ಮೆ ತೂಗಿದರು. 190 ಬಂತು. ಆಮೇಲೆ ಹೆದ್ದಾರಿ ಹತ್ತಿದರು.